ಡ್ರಾ ಆದ ಕ್ವೀನ್ಸ್ ಗ್ಯಾಂಬಿಟ್ ಆಟದಲ್ಲಿ ಅರ್ಧ ಅಂಕ ಎಲ್ಲಿ ಹೋಯಿತು? ಹಂತ ಹಂತವಾಗಿ ಹುಡುಕುವ ಸಮಗ್ರ ಮಾರ್ಗದರ್ಶಿ

ಸೋತ ಚೆಸ್ ಆಟವನ್ನು ಎಲ್ಲರೂ ಮತ್ತೆ ತೆಗೆದು ನೋಡುತ್ತಾರೆ. ಗೆದ್ದ ಆಟವನ್ನು ಸ್ನೇಹಿತರಿಗೆ ತೋರಿಸುತ್ತಾರೆ. ಡ್ರಾ ಆದ ಆಟ ಮಾತ್ರ ಹಾಳೆಯಲ್ಲೇ ಉಳಿಯುತ್ತದೆ. ತೆರೆದವರೂ ನೇರ ಎಂಜಿನ್ (ನಡೆಗಳನ್ನು ತೂಗಿ ನೋಡುವ ಚೆಸ್ ತಂತ್ರಾಂಶ) ಹಚ್ಚಿ, 0.00, ಅಂದರೆ ಸಮಬಲ, ಎಂಬ ಸಂಖ್ಯೆ ನೋಡಿ, "ಇಬ್ಬರೂ ಚೆನ್ನಾಗಿ ಆಡಿದ್ದೇವೆ" ಎಂದು ಮುಚ್ಚಿಡುತ್ತಾರೆ. ಮುಂದಿನ ಟೂರ್ನಮೆಂಟಿನಲ್ಲಿ ಅದೇ ಓಪನಿಂಗ್ (ಆರಂಭದ ನಡೆಗಳು), ಅದೇ ವಿನಿಮಯ (ಕಾಯಿಗೆ ಕಾಯಿ ಹೊಡೆತ), 21ನೇ ನಡೆಯ ಹೊತ್ತಿಗೆ ಅದೇ ಕೈಕುಲುಕು.

ರಾಣಿ ಕಾಲಾಳಿನ ಹಳೆಯ ಓಪನಿಂಗ್‌ಗಳಲ್ಲಿ, ಅದರಲ್ಲೂ ಬಿಳಿ ಮುಂದಿಟ್ಟ ಸಿ4 ಕಾಲಾಳನ್ನು ಕಪ್ಪು ಕೂಡಲೇ ಹೊಡೆಯದೆ ಇ6 ಆಡುವ ಕ್ವೀನ್ಸ್ ಗ್ಯಾಂಬಿಟ್ ಡಿಕ್ಲೈನ್ಡ್‌ನಲ್ಲಿ, ಡ್ರಾ ಹುಟ್ಟುವುದು ಕೈ ಕುಲುಕುವಾಗ ಅಲ್ಲ. ಅದಕ್ಕೆ ಆರೇಳು ನಡೆ ಮೊದಲು, ಯೋಚಿಸದೆ ಮಾಡಿದ ಒಂದು ವಿನಿಮಯದಲ್ಲಿ, ಅಥವಾ ವಿನಿಮಯ ಸರಿಯಾಗಿದ್ದೂ ಅದರ ಮುಂದಿನ ನಡೆ ಆಡದೆ ಬಿಟ್ಟಲ್ಲಿ. ಆ ಜಾಗ ಹುಡುಕುವ ಕ್ರಮ ಇಲ್ಲಿದೆ. ಕ್ರಮ ಮುಖ್ಯ, ಎಂಜಿನ್ ಮೊದಲೇ ತೆರೆದರೆ ಉಳಿದ ಹಂತಗಳು ಕೆಲಸಕ್ಕೆ ಬರುವುದಿಲ್ಲ.

## ಶುರು ಮಾಡುವ ಮೊದಲು: ಬೇಕಾದವು

ನಡೆ ಬರೆದ ಹಾಳೆ, ಕೈಯಲ್ಲಿ ಮುಟ್ಟಿ ಆಡುವ ನಿಜವಾದ ಬೋರ್ಡ್, ಪೆನ್ಸಿಲ್, ಒಂದು ನೋಟ್‌ಬುಕ್. ಕಂಪ್ಯೂಟರ್ ಕೊನೆಯ ಹಂತಗಳಿಗೆ ಮಾತ್ರ. ಬೋರ್ಡ್ ಯಾಕೆ ಬೇಕೆಂದರೆ, ಪರದೆಯ ಮೇಲೆ ಬಾಣದ ಗುಂಡಿ ಒತ್ತಿ ನಡೆಗಳನ್ನು ಓಡಿಸುವುದು ಬಲು ಸುಲಭ. ಕೈಯಿಂದ ಕಾಯಿ ಎತ್ತಿ ಇಡುವಾಗ ಮಾತ್ರ "ಇದನ್ನು ಯಾಕೆ ಹೊಡೆದೆ?" ಎಂಬ ಪ್ರಶ್ನೆಗೆ ಸಮಯ ಸಿಗುತ್ತದೆ.

ಒಂದು ಆಟಕ್ಕೆ ಎರಡು ಗಂಟೆ ಇಟ್ಟುಕೊಳ್ಳಿ. ಒಂದೇ ಬೈಠಕ್ಕಿನಲ್ಲಿ ಆಗದಿದ್ದರೆ ಮೂರನೇ ಹಂತದ ಕೊನೆಗೆ ನಿಲ್ಲಿಸಿ.

ಬರಹದ ರೀತಿ: ಆನೆ ಎಂದರೆ ಮೂಲೆಯಲ್ಲಿದ್ದು ನೇರ ಸಾಗುವ ಕಾಯಿ, ಒಂಟೆ ಎಂದರೆ ಓರೆಯಾಗಿ ಸಾಗುವುದು. × ಚಿಹ್ನೆ ಹೊಡೆದದ್ದಕ್ಕೆ. ಕಾಯಿಯ ಹೆಸರಿಲ್ಲದಿದ್ದರೆ ಅದು ಕಾಲಾಳಿನ ನಡೆ.

## ಮಾದರಿ ಆಟ

ಕೆಳಗಿನ ಆಟದ ಮೊದಲ 12 ನಡೆಗಳು ಈ ಓಪನಿಂಗ್‌ನ ಒಂದು ಹಳೆಯ ಬಗೆಯಾದ ಆರ್ಥೊಡಾಕ್ಸ್ ಡಿಫೆನ್ಸ್‌ನ ಹೆದ್ದಾರಿ. ಅಲ್ಲಿಂದ ಮುಂದಿನದು, ಕ್ಲಬ್ ಮಟ್ಟದ ಇಬ್ಬರು ಕೂತರೆ ಹೇಗೆ ಸಾಗುತ್ತದೋ ಹಾಗೆ ಉದಾಹರಣೆಗೆಂದು ಕಟ್ಟಿದ್ದು. ಬೋರ್ಡ್ ಮೇಲೆ ಒಮ್ಮೆ ಆಡಿ ನೋಡಿ.

1. ಡಿ4, ಡಿ5
2. ಸಿ4, ಇ6
3. ಕುದುರೆ ಸಿ3, ಕುದುರೆ ಎಫ್6
4. ಒಂಟೆ ಜಿ5, ಒಂಟೆ ಇ7
5. ಇ3, ಕ್ಯಾಸಲಿಂಗ್
6. ಕುದುರೆ ಎಫ್3, ಕುದುರೆ ಬಿ8ರಿಂದ ಡಿ7
7. ಆನೆ ಸಿ1, ಸಿ6
8. ಒಂಟೆ ಡಿ3, ಡಿ×ಸಿ4
9. ಒಂಟೆ×ಸಿ4, ಕುದುರೆ ಡಿ5
10. ಒಂಟೆ×ಇ7, ರಾಣಿ×ಇ7
11. ಕ್ಯಾಸಲಿಂಗ್, ಕುದುರೆ×ಸಿ3
12. ಆನೆ×ಸಿ3, ಇ5
13. ಡಿ×ಇ5, ಕುದುರೆ×ಇ5
14. ಕುದುರೆ×ಇ5, ರಾಣಿ×ಇ5
15. ರಾಣಿ ಸಿ2, ಒಂಟೆ ಎಫ್5
16. ಒಂಟೆ ಡಿ3, ಒಂಟೆ×ಡಿ3
17. ಆನೆ×ಡಿ3, ಆನೆ ಎ8ರಿಂದ ಡಿ8
18. ಆನೆ ಎಫ್1ರಿಂದ ಡಿ1, ಆನೆ×ಡಿ3
19. ಆನೆ×ಡಿ3, ರಾಣಿ ಇ7
20. ಎಚ್3, ಆನೆ ಡಿ8
21. ಆನೆ×ಡಿ8 ಚೆಕ್, ರಾಣಿ×ಡಿ8

ಇಲ್ಲಿ ಬಿಳಿ ಡ್ರಾ ಕೇಳಿತು, ಕಪ್ಪು ಒಪ್ಪಿತು. ಬೋರ್ಡ್ ಮೇಲೆ ಉಳಿದದ್ದು ಎರಡು ರಾಣಿ ಮತ್ತು ಆರಾರು ಕಾಲಾಳು.

## ಹಂತ 1: ಹಾಳೆ ಸರಿಪಡಿಸಿ, ಗಡಿಯಾರ ಬರೆದುಕೊಳ್ಳಿ

ಆಟ ಮುಗಿದ ದಿನವೇ ಇದನ್ನು ಮಾಡಿ. ಮರುದಿನಕ್ಕೆ ನಡೆಗಳು ನೆನಪಿರುತ್ತವೆ, ಆದರೆ ಆಡುವಾಗ ತಲೆಯಲ್ಲಿದ್ದದ್ದು ಹಾರಿಹೋಗಿರುತ್ತದೆ.

ನಡೆಗಳು ಹಾಳೆಯ ಪ್ರಕಾರ ಬೋರ್ಡ್ ಮೇಲೆ ಕೂಡುತ್ತವೆಯೇ ನೋಡಿ. ಒಬ್ಬರ ಎರಡು ಆನೆಗಳೂ ಒಂದೇ ಫೈಲ್‌ನ (ಉದ್ದ ಸಾಲಿನ) ಅದೇ ಮನೆಗೆ ಹೋಗಬಹುದಾದ ಕಡೆ ಯಾವ ಆನೆ ಹೋಯಿತೆಂದು ಬರೆಯದೆ ಬಿಡುವುದು ಅತಿ ಸಾಮಾನ್ಯ ತಪ್ಪು. ಮಾದರಿ ಆಟದ 17 ಮತ್ತು 18ನೇ ನಡೆಗಳಲ್ಲಿ ಬರೀ "ಆನೆ ಡಿ8", "ಆನೆ ಡಿ1" ಎಂದು ಬರೆದಿದ್ದರೆ ಮನೆಗೆ ಬಂದ ಮೇಲೆ ಗೊಂದಲ ಖಚಿತ.

ಪ್ರತಿ ಐದು ನಡೆಗೊಮ್ಮೆ ಉಳಿದ ನಿಮಿಷಗಳನ್ನು ಆಡುವಾಗಲೇ ಹಾಳೆಯ ಅಂಚಿನಲ್ಲಿ ಬರೆಯುವ ಅಭ್ಯಾಸ ಮಾಡಿಕೊಳ್ಳಿ. ಬರೆಯದಿದ್ದರೆ, ಯಾವ ನಡೆಗೆ ತುಂಬಾ ಹೊತ್ತು ಕೂತಿದ್ದಿರಿ, ಯಾವುದನ್ನು ಥಟ್ಟನೆ ಆಡಿದಿರಿ ಎಂಬುದನ್ನಾದರೂ ನೆನಪಿನಿಂದ ಗುರುತು ಹಾಕಿ. ಎಚ್ಚರಿಕೆಯ ಗುರುತು ಇದು: ವಿನಿಮಯದ ನಡೆಗಳೆಲ್ಲ ಅರ್ಧ ನಿಮಿಷದೊಳಗೆ ಆಡಿದ್ದರೆ, ನೀವು ಹುಡುಕುತ್ತಿರುವ ಜಾಗ ಅವುಗಳ ನಡುವೆಯೇ ಇದೆ.

## ಹಂತ 2: ಇದು ಯಾವ ಬಗೆಯ ಡ್ರಾ ಎಂದು ಹೆಸರಿಡಿ

ಎಲ್ಲ ಡ್ರಾಗಳಿಗೂ ಒಂದೇ ಪರೀಕ್ಷೆ ಸಲ್ಲದು. ನಿಯಮದ ಲೆಕ್ಕದಲ್ಲಿ ದಾರಿಗಳು ಕೆಲವೇ: ಇಬ್ಬರ ಒಪ್ಪಿಗೆ, ಒಂದೇ ಸ್ಥಿತಿ ಮೂರು ಬಾರಿ ಬರುವುದು, ಕಾಲಾಳು ಸರಿಯದೆ ಯಾವುದನ್ನೂ ಹೊಡೆಯದೆ ಇಬ್ಬರೂ 50 ನಡೆ ಆಡುವುದು, ಸ್ಟೇಲ್‌ಮೇಟ್ (ಚೆಕ್ ಇಲ್ಲದಿದ್ದರೂ ಆಡಲು ನಡೆಯೇ ಇಲ್ಲದಿರುವುದು), ಮೇಟ್ ಕೊಡಲು ಕಾಯಿಗಳೇ ಸಾಲದಿರುವುದು. ನಿಮ್ಮ ಕೆಲಸಕ್ಕೆ ಬೇಕಾದ ವಿಂಗಡಣೆ ಬೇರೆ:

- ಗೆಲ್ಲುವಂತಿದ್ದು ಕೈತಪ್ಪಿದ್ದು
- ಸೋಲುವಂತಿದ್ದು ಉಳಿದದ್ದು
- ಜಗಳ ಜೋರಾಗಿ ನಡೆದು ಸಮವಾಗಿ ಮುಗಿದದ್ದು
- ಜಗಳವೇ ಶುರುವಾಗದೆ ಮುಗಿದದ್ದು

ಮಾದರಿ ಆಟ ನಾಲ್ಕನೆಯ ಬಗೆ. ಕ್ವೀನ್ಸ್ ಗ್ಯಾಂಬಿಟ್ ಡ್ರಾಗಳಲ್ಲಿ ಹೆಚ್ಚಿನವು ಇಲ್ಲಿಗೇ ಬರುತ್ತವೆ, ಮತ್ತು ಆಟಗಾರರು ಅದನ್ನು ಮೂರನೆಯ ಬಗೆ ಎಂದು ತಮಗೆ ತಾವೇ ಹೇಳಿಕೊಳ್ಳುತ್ತಾರೆ. ಪರೀಕ್ಷೆ ಸರಳ: ಇಡೀ ಆಟದಲ್ಲಿ ನಿಮಗೆ ಹೆದರಿಕೆಯಾದ ಒಂದು ಕ್ಷಣವಾದರೂ ನೆನಪಿದೆಯೇ? ಇಲ್ಲವೆಂದರೆ ಅದು ನಾಲ್ಕನೆಯದು.

## ಹಂತ 3: ವಿನಿಮಯದ ಪಟ್ಟಿ ಮಾಡಿ

ಇಡೀ ಕೆಲಸದ ಜೀವಾಳ ಇದು. ಎಂಜಿನ್ ಇಲ್ಲದೆ, ಬೋರ್ಡ್ ಮುಂದಿಟ್ಟುಕೊಂಡು, ಕಾಯಿ ಹೋದ ಪ್ರತಿ ಜಾಗವನ್ನೂ ನೋಟ್‌ಬುಕ್ಕಿನಲ್ಲಿ ಸಾಲಾಗಿ ಬರೆಯಿರಿ. ಪ್ರತಿಯೊಂದರ ಮುಂದೆ ಮೂರು ಪ್ರಶ್ನೆ:

1. ಮೊದಲು ಹೊಡೆದವರು ಯಾರು, ಹೊಡೆಯದೆ ಇರಬಹುದಿತ್ತೇ?
2. ಹೋದ ಎರಡು ಕಾಯಿಗಳಲ್ಲಿ ಹೆಚ್ಚು ಕೆಲಸ ಮಾಡುತ್ತಿದ್ದದ್ದು ಯಾರದು?
3. ತಿರುಗಿ ಹೊಡೆದ ಕಾಯಿ ಮೊದಲಿಗಿಂತ ಒಳ್ಳೆಯ ಮನೆಗೆ ಬಂತೇ?

ಮಾದರಿ ಆಟದಲ್ಲಿ 8ನೇ ನಡೆಯಿಂದ 21ನೇ ನಡೆಯೊಳಗೆ ಎಂಟು ವಿನಿಮಯ. ಒಂದು ಜೋಡಿ ಕಾಲಾಳು, ಒಂಟೆ, ಕುದುರೆ, ಮತ್ತೆ ಕಾಲಾಳು, ಕುದುರೆ, ಒಂಟೆ, ಕೊನೆಗೆ ಎರಡು ಜೋಡಿ ಆನೆ. ಇದರಲ್ಲಿ ನಾಲ್ಕನ್ನು (10, 13, 14, 21ನೇ ನಡೆ) ಬಿಳಿಯೇ ಮೊದಲು ಹೊಡೆದು ಶುರುಮಾಡಿದೆ, 16ನೇ ನಡೆಯಲ್ಲಿ "ಬಾ, ಹೊಡಿ" ಎಂದು ಕರೆದದ್ದೂ ಬಿಳಿಯೇ. ಗೆಲ್ಲಲು ಕೂತವರು ಐದು ಬಾರಿ ಬೋರ್ಡ್ ಖಾಲಿ ಮಾಡಿದರೆ ಎದುರಾಳಿಯನ್ನು ದೂರಿ ಪ್ರಯೋಜನವಿಲ್ಲ.

ಈಗ ಒಂದೊಂದಾಗಿ.

8 ಮತ್ತು 9ನೇ ನಡೆ, ಡಿ×ಸಿ4. ಕಪ್ಪು ಬೇಕೆಂದೇ ಕಾದಿತ್ತು. ಬಿಳಿ ಒಂಟೆ ಡಿ3ಕ್ಕೆ ಬಂದ ತಕ್ಷಣ ಸಿ4 ಹೊಡೆದರೆ, ಒಂಟೆ ಒಂದೇ ನಡೆಯಲ್ಲಿ ತಲುಪಬಹುದಾಗಿದ್ದ ಸಿ4ಕ್ಕೆ ಎರಡು ನಡೆಯಲ್ಲಿ ತಲುಪುತ್ತದೆ. 7ನೇ ನಡೆಯ ಆನೆ ಸಿ1 ಈ ಕಾಯುವ ಆಟದ ಭಾಗ. 8ರಲ್ಲೂ ರಾಣಿ ಸಿ2 ಆಡಿ ಇನ್ನೊಂದು ನಡೆ ಕಾಯಬಹುದು. ಇದರಿಂದ ಆಟ ಕೆಡುವುದಿಲ್ಲ, ಆದರೆ ಏನು ಕೊಟ್ಟಿರಿ ಎಂದು ತಿಳಿದಿರಲಿ.

10ನೇ ನಡೆ, ಒಂಟೆ×ಇ7. ಡಿ5ರ ಕುದುರೆ ಕೇಳಿದ ಪ್ರಶ್ನೆಗೆ ರೂಢಿಯ ಉತ್ತರ. ನಿಜವಾದ ಕವಲು ಇದರ ಮುಂದಿನದು: 11ರಲ್ಲಿ ಕ್ಯಾಸಲಿಂಗ್ ಬದಲು ಕುದುರೆಯನ್ನು ಇ4ಕ್ಕೆ ಎತ್ತಿದರೆ ಕುದುರೆಗಳ ವಿನಿಮಯ ತಪ್ಪುತ್ತದೆ. ಇಕ್ಕಟ್ಟಿನಲ್ಲಿರುವವರಿಗೆ ವಿನಿಮಯ ಬೇಕು, ಜಾಗ ಹೆಚ್ಚಿರುವವರಿಗೆ ಬೇಡ. ಕಪ್ಪಿನ ಸಿ8 ಒಂಟೆಗೆ ಉಸಿರಾಡಲು ಜಾಗವಿಲ್ಲದ ಈ ಹೊತ್ತಿನಲ್ಲಿ ಪ್ರತಿ ಜೋಡಿ ಹೋದಂತೆಲ್ಲ ಕಪ್ಪಿಗೆ ನಿರಾಳ. 1927ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಅಲೆಖಿನ್ ಮತ್ತು ಕಾಪಾಬ್ಲಾಂಕಾ ವಿಶ್ವಪಟ್ಟಕ್ಕೆ ಆಡಿದ 34 ಆಟಗಳಲ್ಲಿ 25 ಡ್ರಾ, ಬಹುಪಾಲು ಇದೇ ಓಪನಿಂಗ್. ಈ ಡಿ5, ಸಿ3, ಇ5 ಸರಣಿಗೆ ಕಾಪಾಬ್ಲಾಂಕಾ ಹೆಸರೇ ಅಂಟಿಕೊಂಡಿದೆ. ಹಾಗಾಗಿ ಇಲ್ಲಿ ಡ್ರಾ ಆಯಿತೆಂದು ನಾಚಬೇಕಿಲ್ಲ. ಹೇಗೆ ಆಯಿತೆಂಬುದೇ ವಿಷಯ.

13 ಮತ್ತು 14ನೇ ನಡೆ. ಇಲ್ಲಿ ನಿಧಾನಿಸಿ. ಇ5 ತಳ್ಳಿದ್ದರಿಂದ ಸಿ8 ಒಂಟೆಯ ದಾರಿ ತೆರೆಯಿತು, ಅದೇ ಕಪ್ಪಿನ ಉದ್ದೇಶ. ಬಿಳಿಗೆ ಎರಡು ಬಗೆಯ ಉತ್ತರ. ಒಂದು, ಹೊಡೆಯದೆ ಬಿಗಿತ ಉಳಿಸುವುದು: ಒಂಟೆ ಬಿ3 ಅಥವಾ ರಾಣಿ ಸಿ2. ಆಗ ಕಪ್ಪು ಡಿ4 ಹೊಡೆದರೆ ಇ ಕಾಲಾಳಿನಿಂದ ತಿರುಗಿ ಹೊಡೆದು, ಒಂಟಿ ಡಿ ಕಾಲಾಳು ಹೊತ್ತು ಆಡಬೇಕಾಗುತ್ತದೆ. ಕಾಲಾಳು ದುರ್ಬಲ, ಕಾಯಿಗಳು ಚುರುಕು. ಇನ್ನೊಂದು, ಇ5ರಲ್ಲಿ ಎಲ್ಲವನ್ನೂ ಹೊಡೆದುಬಿಡುವುದು.

ಮಾದರಿ ಆಟದಲ್ಲಿ ಬಿಳಿ ಎರಡನೆಯದನ್ನು ಹಿಡಿಯಿತು. ಅದು ತಪ್ಪಲ್ಲ. ತಪ್ಪು ಇರುವುದು 15ನೇ ನಡೆಯಲ್ಲಿ.

## ಹಂತ 4: ವಿನಿಮಯದ ಮುಂದಿನ ನಡೆ ನೋಡಿ

14ನೇ ನಡೆಯ ಬಳಿಕ ಕಪ್ಪು ರಾಣಿ ಇ5ರಲ್ಲಿ ಬಯಲಿಗೆ ಬಂದು ನಿಂತಿದೆ. ಬಿಳಿ ಇಷ್ಟೆಲ್ಲ ಹೊಡೆದದ್ದಕ್ಕೆ ಕಾರಣವಿದ್ದರೆ ಒಂದೇ: 15. ಎಫ್4. ಕಾಲಾಳು ರಾಣಿಯನ್ನು ಓಡಿಸುತ್ತಾ ಮುಂದೆ ಬರುತ್ತದೆ, ಆಮೇಲೆ ಎಫ್5ಕ್ಕೆ ತಲುಪಿದರೆ ಸಿ8 ಒಂಟೆಗೆ ಇ6, ಎಫ್5 ಎರಡೂ ಮನೆ ಇಲ್ಲವಾಗುತ್ತವೆ. ಅದಕ್ಕೇ ಕಪ್ಪು ಸಾಮಾನ್ಯವಾಗಿ ರಾಣಿ ಇ4 ಆಡಿ ಎಫ್5 ಮೇಲೆ ಕಣ್ಣಿಡುತ್ತದೆ. ರಾಣಿ ಎಫ್6ಕ್ಕೆ ಸರಿದರೆ ಎಫ್5ಕ್ಕೆ ಆತುರಪಡಬೇಡಿ, ಆ ಮನೆಯನ್ನು ರಾಣಿ, ಒಂಟೆ ಎರಡೂ ಕಾಯುತ್ತಿರುತ್ತವೆ, 16. ಇ4 ಎಂದು ಕಾಲಾಳುಗಳನ್ನು ಜೋಡಿಯಾಗಿ ನಿಲ್ಲಿಸಿ. ಬೆಲೆಯೂ ಇದೆ: ಎಫ್4 ಹೋದ ಮೇಲೆ ಇ3 ಕಾಲಾಳಿಗೆ ಪಕ್ಕದ ಕಾವಲಿಲ್ಲ. ಸರಿಯಾಗಿ ಆಡಿದರೆ ಕಪ್ಪು ಸಮ ಮಾಡಿಕೊಳ್ಳುತ್ತದೆ, ಆದರೆ ಸರಿಯಾಗಿ ಆಡಬೇಕಾದ ಹೊರೆ ಕಪ್ಪಿನದು.

ರಾಣಿ ಸಿ2 ಆಡಿದ್ದರಿಂದ ಆ ಹೊರೆ ಇಳಿದುಹೋಯಿತು. ಒಂಟೆ ಎಫ್5ಕ್ಕೆ ಬಂದು ಬಿಳಿ ರಾಣಿಯನ್ನೇ ಕೆಣಕಿತು. ಅಲ್ಲೂ 16. ರಾಣಿ ಬಿ3 ಆಡಿ ಬಿ7, ಎಫ್7 ಎರಡರ ಮೇಲೂ ಒತ್ತಡ ಹಾಕಬಹುದಿತ್ತು. ಬಿ7 ಕಾಯುವ ಚಿಂತೆ ಕಪ್ಪಿಗೆ ಬರುತ್ತಿತ್ತು. ಬದಲಿಗೆ ಬಿಳಿ ಒಂಟೆಯನ್ನೇ ಕೊಟ್ಟು ಒಂಟೆ ತೆಗೆದುಕೊಂಡಿತು. ಎರಡನೇ ಪ್ರಶ್ನೆ ಕೇಳಿ ನೋಡಿ: ಯಾವ ಒಂಟೆ ಹೆಚ್ಚು ಕೆಲಸ ಮಾಡುತ್ತಿತ್ತು? ಸಿ4ರಿಂದ ಎಫ್7ರತ್ತ ನೋಡುತ್ತಿದ್ದದ್ದು ಬಿಳಿಯದು. ಕಪ್ಪಿನ ಒಂಟೆ ಹದಿನಾಲ್ಕು ನಡೆ ಮನೆಯಲ್ಲೇ ಕೂತಿದ್ದು ಅದೇ ಮೊದಲ ಬಾರಿಗೆ ಹೊರಬಂದಿತ್ತು.

ಇದನ್ನು ನಿಮ್ಮ ಆಟಕ್ಕೆ ಅನ್ವಯಿಸುವಾಗ ಪ್ರತಿ ವಿನಿಮಯದ ಕೆಳಗೆ "ಇದಾದ ಮೇಲೆ ನನ್ನ ಉದ್ದೇಶ ಏನಿತ್ತು?" ಎಂದು ಬರೆದು ಉತ್ತರ ತುಂಬಿ. ಉತ್ತರ ಖಾಲಿ ಉಳಿದ ಸಾಲೇ ನಿಮ್ಮ ಅರ್ಧ ಅಂಕದ ಜಾಗ.

## ಹಂತ 5: ನಿಮ್ಮದು ಎಕ್ಸ್‌ಚೇಂಜ್ ವೇರಿಯೇಶನ್ ಆಗಿದ್ದರೆ

ಬಿಳಿ ಬೇಗನೆ ಸಿ×ಡಿ5 ಹೊಡೆದು, ಕಪ್ಪು ಇ×ಡಿ5 ಎಂದು ತಿರುಗಿ ಹೊಡೆದಿದ್ದರೆ ಪಟ್ಟಿಯ ಜೊತೆಗೆ ಇನ್ನೊಂದು ವಿಷಯ ನೋಡಬೇಕು. ಇಲ್ಲಿ ಬಿಳಿಯ ಮಾಮೂಲಿ ಯೋಜನೆ, ರಾಣಿ ಬದಿಯ ಎರಡು ಕಾಲಾಳುಗಳನ್ನು ಮೂರರ ಮೇಲೆ ನುಗ್ಗಿಸುವುದು: ಆನೆ ಬಿ1, ಬಿ4, ಬಿ5, ನಂತರ ಬಿ×ಸಿ6. ಕಪ್ಪು ಬಿ ಕಾಲಾಳಿನಿಂದ ಹೊಡೆದರೆ ಸಿ6ರಲ್ಲಿ ಹಿಂದೆ ಬಿದ್ದ ಕಾಲಾಳು ಉಳಿಯುತ್ತದೆ.

ಹವ್ಯಾಸಿಗಳ ಆಟಗಳಲ್ಲಿ ಇಲ್ಲಿಯವರೆಗೆ ಎಲ್ಲವೂ ಸರಿ. ಆಮೇಲೆ ಕೆಡುತ್ತದೆ. ಸಿ6 ಮೇಲೆ ಒತ್ತಡ ಹೇರಬೇಕಾದ ಆನೆಗಳನ್ನೇ ಬಿ ಫೈಲ್‌ನಲ್ಲಿ ಜೋಡಿ ಜೋಡಿಯಾಗಿ ಬದಲಾಯಿಸಿಕೊಳ್ಳುತ್ತಾರೆ. ದುರ್ಬಲ ಕಾಲಾಳು ಇದ್ದರೆ ಸಾಲದು, ಅದನ್ನು ಹೊಡೆಯಲು ಕಾಯಿ ಇರಬೇಕು. ಕಪ್ಪಾಗಿ ಆಡಿದವರು ನೋಡಬೇಕಾದದ್ದು: ಬಿ4 ಆದಾಗ ನೀವೇ ಬಿ5 ಆಡಿ, ಡಿ7 ಕುದುರೆಯನ್ನು ಬಿ6 ಮೂಲಕ ಸಿ4ಕ್ಕೆ ತರಲು ಅವಕಾಶವಿತ್ತೇ? ಸಿ4ರ ಕುದುರೆ ಸಿ6 ಕಾಲಾಳಿಗೆ ಅಡ್ಡಗೋಡೆ.

ಒಂದು ಹಳೆಯ ಬಲೆ ಈ ಕಡೆ ಕಾದಿರುತ್ತದೆ. 4ನೇ ನಡೆಗೆ ಕಪ್ಪು ಒಂಟೆಯ ಬದಲು ಕುದುರೆಯನ್ನು ಡಿ7ಕ್ಕೆ ತಂದು, 5. ಸಿ×ಡಿ5, ಇ×ಡಿ5 ಆದಾಗ "ಜಿ5 ಒಂಟೆ ಕುದುರೆಯನ್ನು ಕಟ್ಟಿಹಾಕಿದೆ, ಡಿ5 ಬಿಟ್ಟಿ" ಎಂದು 6. ಕುದುರೆ×ಡಿ5 ಹೊಡೆದರೆ, ಕಪ್ಪು ಕುದುರೆ×ಡಿ5 ಎಂದೇ ಹೊಡೆಯುತ್ತದೆ. 7. ಒಂಟೆ×ಡಿ8, ಒಂಟೆ ಬಿ4 ಚೆಕ್. ಬಿಳಿ ರಾಣಿಯನ್ನು ಡಿ2ರಲ್ಲಿ ಅಡ್ಡ ಹಾಕದೆ ಗತಿಯಿಲ್ಲ. ಲೆಕ್ಕ ಮುಗಿದಾಗ ಬಿಳಿ ಒಂದು ಕಾಲಾಳಿಗೆ ಒಂದು ಕುದುರೆ ಕಳೆದುಕೊಂಡಿರುತ್ತದೆ.

## ಹಂತ 6: ಆಡದೆ ಉಳಿದ ತಪ್ಪುಗಳನ್ನು ಹುಡುಕಿ

ಶಾಂತವಾಗಿ ಮುಗಿದ ಆಟದಲ್ಲಿ ತಪ್ಪುಗಳೇ ಇರಲಿಲ್ಲ ಎನ್ನಿಸುತ್ತದೆ. ತಪ್ಪು ಅಂಚಿನಲ್ಲೇ ಹಾದುಹೋಗಿರುತ್ತದೆ. ಮಾದರಿ ಆಟದಲ್ಲಿ ಬಿಳಿಯ 19ನೇ ನಡೆ, ಆನೆ×ಡಿ3, ಆದ ಸ್ಥಿತಿಗೆ ಬೋರ್ಡ್ ತನ್ನಿ. ಕಪ್ಪು ಇಲ್ಲಿ ರಾಣಿ ಇ7 ಬದಲು ತಕ್ಷಣ ಆನೆ ಡಿ8 ಆಡಿದ್ದರೆ? ಕೈ ತಾನಾಗಿ ಹೋಗುವ ನಡೆ ಅದೇ. ಆದರೆ ಇ5ರಲ್ಲಿರುವ ರಾಣಿಗೆ ಡಿ8 ಕಾಯಲಾಗದು. 20. ಆನೆ×ಡಿ8 ಚೆಕ್, ರಾಣಿ ಇ8, 21. ಆನೆ×ಇ8 ಮೇಟ್. ಎಫ್7, ಜಿ7, ಎಚ್7 ಕಾಲಾಳುಗಳು ಕದಲದೆ ನಿಂತಿವೆ, ರಾಜನಿಗೆ ಕಿಂಡಿ ಇಲ್ಲ.

ಈ ಹಂತದಲ್ಲಿ ಮಾಡಬೇಕಾದದ್ದು: ಪ್ರತಿ ಮೂರು ನಡೆಗೊಮ್ಮೆ ನಿಂತು, ನೀವು ಆಡದೆ ಬಿಟ್ಟ ಅತಿ ಸಹಜ ನಡೆಯನ್ನು ಆಡಿ ನೋಡುವುದು. ಅದು ಸೋಲುವ ನಡೆಯಾಗಿದ್ದರೆ, ಆಟದಲ್ಲಿ ನಿಮಗದು ಗೊತ್ತಿತ್ತೇ, ಅಥವಾ ಅದೃಷ್ಟವೇ ಎಂದು ಬರೆಯಿರಿ. ಪ್ರಾಮಾಣಿಕವಾಗಿ ಬರೆದರೆ "ಅದೃಷ್ಟ" ಎಂಬ ಪದ ಬೇಜಾರಾಗುವಷ್ಟು ಸಲ ಬರುತ್ತದೆ.

## ಹಂತ 7: ಕೈಕುಲುಕಿನ ಆಚೆಗೆ ಹೋಗಿ

ಹೆಚ್ಚಿನವರು ಕೊನೆಯ ನಡೆಗೆ ನಿಲ್ಲುತ್ತಾರೆ. ನೀವು ಅಲ್ಲಿಂದ ಶುರುಮಾಡಿ.

ಕೊನೆಯ ಸ್ಥಿತಿ: ಬಿಳಿ ರಾಜ ಜಿ1, ರಾಣಿ ಸಿ2, ಕಾಲಾಳುಗಳು ಎ2, ಬಿ2, ಇ3, ಎಫ್2, ಜಿ2, ಎಚ್3. ಕಪ್ಪು ರಾಜ ಜಿ8, ರಾಣಿ ಡಿ8, ಕಾಲಾಳುಗಳು ಎ7, ಬಿ7, ಸಿ6, ಎಫ್7, ಜಿ7, ಎಚ್7. ಆಡುವ ಸರದಿ ಬಿಳಿಯದು.

"ಸಮವಾಗಿದೆ" ಎಂದರು ಇಬ್ಬರೂ. ಸಂಖ್ಯೆ ಸಮ, ಹಂಚಿಕೆ ಸಮವಲ್ಲ. ರಾಜನ ಬದಿಯಲ್ಲಿ ಬಿಳಿಗೆ ಮೂರರೆದುರು ನಾಲ್ಕು, ರಾಣಿ ಬದಿಯಲ್ಲಿ ಕಪ್ಪಿಗೆ ಎರಡರೆದುರು ಮೂರು. ಇಬ್ಬರಿಗೂ ಒಂದೊಂದು ಕಾಲಾಳನ್ನು ಕೊನೆಯ ಸಾಲಿಗೆ ಓಡಿಸುವ ಸಾಧ್ಯತೆ ಇದೆ. ಎದುರಿನಲ್ಲಿ ಶತ್ರು ಕಾಲಾಳಿಲ್ಲದ ಕಾಲಾಳು ಮೊದಲು ಹೊರಡಬೇಕು: ಬಿಳಿಗೆ ಇ, ಕಪ್ಪಿಗೆ ಸಿ.

ಈಗ 22. ರಾಣಿ ಇ4 ಆಡಿ ನೋಡಿ. ಕಪ್ಪು "ಬಿ2 ಬಿಟ್ಟಿ ಇದೆ, ಎಫ್2 ಕೂಡ ಕೆಣಕಬಹುದು" ಎಂದು 22... ರಾಣಿ ಡಿ2 ಆಡಿದರೆ 23. ರಾಣಿ ಇ8 ಮೇಟ್. ಬಿಳಿ ಎಚ್3 ಆಡಿ ಕಿಂಡಿ ಮಾಡಿಕೊಂಡಿದೆ, ಕಪ್ಪು ಮಾಡಿಕೊಂಡಿಲ್ಲ. ಹಾಗಾಗಿ ಕಪ್ಪು ರಾಣಿಗೆ ಕೊನೆಯ ಸಾಲಿನ ಕಾವಲಿನಿಂದ ಬಿಡುಗಡೆ ಸಿಗಬೇಕಾದರೆ ಒಂದು ಕಾಲಾಳು ನಡೆ ಖರ್ಚಾಗಬೇಕು. ಕೈಕುಲುಕಿದ ಕ್ಷಣದಲ್ಲಿ ಬೋರ್ಡ್ ಮೇಲೆ ಒಂದೇ ನಡೆಯ ಮೇಟ್ ಬಲೆ ಹಾಸಲು ಬಿಳಿಗೆ ಅವಕಾಶವಿತ್ತು.

ಇನ್ನೂ ಒಂದು ನಡೆ ಹಿಂದೆ ಹೋಗಿ. 21ರಲ್ಲಿ ಡಿ8 ಆನೆಯನ್ನು ಬಿಳಿ ಹೊಡೆದದ್ದರಿಂದ ಕಪ್ಪು ರಾಣಿಗೆ ಡಿ ಫೈಲ್ ದಕ್ಕಿತು. ಬದಲು 21. ರಾಣಿ ಡಿ2 ಆಡಿದ್ದರೆ? ಕಪ್ಪು ಡಿ3ರಲ್ಲಿ ಹೊಡೆದರೆ ಬಿಳಿ ರಾಣಿ ತಿರುಗಿ ಹೊಡೆದು ಡಿ ಫೈಲ್ ತಾನೇ ಹಿಡಿಯುತ್ತದೆ, ಕಪ್ಪು ರಾಣಿ ಎದುರಿಗೆ ನಿಲ್ಲಲಾರದು, ಬೆಂಬಲಕ್ಕೆ ಕಾಯಿ ಇಲ್ಲ. ಮೂರನೇ ಪ್ರಶ್ನೆಯ ಅರ್ಥ ಇದೇ: ತೆರೆದ ಫೈಲ್‌ನಲ್ಲಿ ಮೊದಲು ಹೊಡೆದವರು ಫೈಲ್ ಬಿಟ್ಟುಕೊಡುತ್ತಾರೆ.

ರಾಣಿ ಅಂತ್ಯದಾಟದ ಬಗ್ಗೆ ಎರಡು ಎಚ್ಚರಿಕೆ. ಅಲ್ಲಿ ಕಾಲಾಳಿನ ಎಣಿಕೆಗಿಂತ, ಯಾರ ಕಾಲಾಳು ಎಷ್ಟು ದೂರ ಹೋಗಿದೆ ಎಂಬುದು ದೊಡ್ಡದು. ಮತ್ತು ಎಫ್, ಜಿ ಕಾಲಾಳುಗಳನ್ನು ಉತ್ಸಾಹದಿಂದ ತಳ್ಳಿದರೆ ನಿಮ್ಮ ರಾಜನ ಸುತ್ತಲೇ ಬಯಲಾಗಿ ಎದುರಾಳಿಗೆ ನಿರಂತರ ಚೆಕ್ ಸಿಗುತ್ತದೆ. ಇನ್ನು ರಾಣಿಗಳನ್ನೇ ಬದಲಾಯಿಸಿಕೊಳ್ಳುವ ಆಸೆಯಾದರೆ ಮೊದಲು ಎಣಿಸಿ: ಇಬ್ಬರ ರಾಜರೂ ರಾಜನ ಬದಿಯಲ್ಲಿದ್ದಾರೆ, ಅವರಿಂದ ದೂರದ ಬಹುಮತ ಕಪ್ಪಿನದು.

## ಹಂತ 8: ಈಗ ಎಂಜಿನ್

ಸ್ಟಾಕ್‌ಫಿಶ್ ಎಂಬ ಎಂಜಿನ್ ಉಚಿತ, ಲಿಚೆಸ್ ಎಂಬ ಚೆಸ್ ತಾಣದಲ್ಲಿ ಬ್ರೌಸರ್‌ನಲ್ಲೇ ಓಡುತ್ತದೆ. ಎರಡು ಸಿದ್ಧತೆ ಮಾಡಿ. ಒಂದೇ ನಡೆಯ ಬದಲು ಮೂರು ಅತ್ಯುತ್ತಮ ಸಾಲುಗಳನ್ನು ತೋರಿಸಲು ಹೇಳಿ. ಇಡೀ ಆಟ ಓಡಿಸದೆ, ನೋಟ್‌ಬುಕ್ಕಿನಲ್ಲಿ ಗುರುತು ಹಾಕಿದ ನಾಲ್ಕೈದು ಸ್ಥಿತಿಗಳಲ್ಲಿ ಮಾತ್ರ ಒಂದೊಂದು ನಿಮಿಷ ಬಿಡಿ.

0.00 ಎಂದರೆ "ಏನೂ ಇಲ್ಲ" ಎಂದಲ್ಲ. ಮೂರು ಸಾಲುಗಳೂ 0.00 ತೋರಿಸಿದರೆ ಏನು ಆಡಿದರೂ ನಡೆಯುತ್ತದೆ. ಮೊದಲ ಸಾಲು 0.00, ಎರಡನೆಯದು 1.5ರಷ್ಟು ಎದುರಾಳಿಯ ಕಡೆಗೆ ವಾಲಿದ್ದರೆ, ಒಂದೇ ನಡೆ ಉಳಿಸುತ್ತದೆ ಎಂದರ್ಥ. ಮನುಷ್ಯರ ಆಟದಲ್ಲಿ ಅದು ಸಮ ಅಲ್ಲವೇ ಅಲ್ಲ. ಸಂಖ್ಯೆಗಳ ಅಳತೆಗೋಲೂ ತಿಳಿದಿರಲಿ: ಸ್ಟಾಕ್‌ಫಿಶ್ 15.1ರಿಂದ +1.00 ಎಂದರೆ ಎಂಜಿನ್ ತನ್ನೆದುರು ತಾನೇ ಆಡಿದಾಗ ಬಿಳಿ ಗೆಲ್ಲುವ ಸಂಭವ ಅರ್ಧ. +0.2, +0.3ಗಳಿಗೆ ತಲೆ ಕೆಡಿಸಿಕೊಳ್ಳಬೇಡಿ.

ಅಂತ್ಯದಾಟದಲ್ಲಿ ರಾಜರೂ ಸೇರಿ ಏಳು ಅಥವಾ ಕಡಿಮೆ ಕಾಯಿ ಉಳಿದಿದ್ದರೆ ಎಂಜಿನ್ ಬಿಟ್ಟು ಟೇಬಲ್‌ಬೇಸ್ (ಅಂಥ ಸ್ಥಿತಿಗಳ ಫಲಿತಾಂಶ ಮೊದಲೇ ಲೆಕ್ಕ ಹಾಕಿಟ್ಟ ಕೋಶ) ನೋಡಿ, ಅದರ ಉತ್ತರ ಅಂತಿಮ. ಮಾದರಿ ಆಟದ ಕೊನೆಗೆ 16 ಕಾಯಿಗಳಿವೆ. ಅಲ್ಲಿ ಅದು ನೆರವಾಗದು.

ಸಾಮಾನ್ಯ ತಪ್ಪು: ಎಂಜಿನ್ ಹೇಳಿದ ನಡೆಯನ್ನು ನಕಲು ಮಾಡಿ "15. ಎಫ್4 ಉತ್ತಮ" ಎಂದು ಬರೆಯುವುದು. ಅದು ಯಾಕೆ ಎಂದು ಒಂದು ವಾಕ್ಯದಲ್ಲಿ ನಿಮ್ಮ ಮಾತಿನಲ್ಲಿ ಬರೆಯಲಾಗದಿದ್ದರೆ, ಆ ನಡೆ ಮುಂದಿನ ಸಲವೂ ನಿಮ್ಮ ಕೈಗೆ ಬರುವುದಿಲ್ಲ.

## ಹಂತ 9: ಡ್ರಾ ಕೇಳಿದ ರೀತಿ ಪರಿಶೀಲಿಸಿ

ಇದು ಚಿಕ್ಕ ಹಂತ, ಆದರೆ ಟೂರ್ನಮೆಂಟಿನಲ್ಲಿ ತಗಾದೆ ಏಳುವುದು ಇಲ್ಲಿಯೇ. ಅಂತರರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆಯ ನಿಯಮದಂತೆ ನಡೆ ಆಡಿ, ಗಡಿಯಾರ ಒತ್ತುವ ಮೊದಲು ಡ್ರಾ ಕೇಳಬೇಕು; ಇಬ್ಬರೂ ಹಾಳೆಯಲ್ಲಿ = ಚಿಹ್ನೆ ಹಾಕಬೇಕು. ಮಾದರಿ ಆಟದಲ್ಲಿ ಕಪ್ಪು 21ನೇ ನಡೆ ಆಡಿದ ಮೇಲೆ, ಬಿಳಿ ತನ್ನ ನಡೆ ಆಡದೆಯೇ ಕೇಳಿತು. ಆ ಕೋರಿಕೆ ಊರ್ಜಿತವೇ, ಆದರೆ ಎದುರಾಳಿ "ಮೊದಲು ನಡೆ ಆಡಿ" ಎಂದು ಹೇಳಬಹುದು. ಆಗ 22. ರಾಣಿ ಇ4 ಆಡಿಯೇ ಕೇಳಿದ್ದರೆ ಕಪ್ಪು ಒಪ್ಪುವ ಮೊದಲು ಯೋಚಿಸಬೇಕಿತ್ತು.

ಮೂರು ಬಾರಿ ಪುನರಾವರ್ತನೆಯೆಂದು ಡ್ರಾ ಕೋರುವವರು ಮೂರನೇ ಬಾರಿಗೆ ಸ್ಥಿತಿ ತರುವ ನಡೆಯನ್ನು ಬೋರ್ಡ್ ಮೇಲೆ ಆಡಬಾರದು. ಹಾಳೆಯಲ್ಲಿ ಬರೆದು ಆರ್ಬಿಟರ್‌ಗೆ (ತೀರ್ಪುಗಾರರಿಗೆ) ತಿಳಿಸಬೇಕು. ಸ್ಥಿತಿ ಒಂದೇ ಎನ್ನಲು ಆಡುವ ಸರದಿ, ಕ್ಯಾಸಲಿಂಗ್ ಹಕ್ಕು, ಆನ್‌ಪಾಸಾಂ (ಎರಡು ಮನೆ ಹಾರಿದ ಕಾಲಾಳನ್ನು ಪಕ್ಕದ ಕಾಲಾಳು ಹೊಡೆಯುವ) ಅವಕಾಶ ಎಲ್ಲವೂ ಒಂದೇ ಇರಬೇಕು. ಕೋರಿಕೆ ತಪ್ಪಾದರೆ ಎದುರಾಳಿಗೆ ಎರಡು ನಿಮಿಷ ಹೆಚ್ಚು ಸಿಗುತ್ತದೆ.

## ಹಂತ 10: ಸ್ಥಿತಿಗಳನ್ನು ಮತ್ತೆ ಆಡಿ

ನೋಟ್‌ಬುಕ್ಕಿನಿಂದ ಎರಡೇ ಸ್ಥಿತಿ ಆರಿಸಿ. ಮಾದರಿ ಆಟದಿಂದಾದರೆ 14ನೇ ನಡೆಯ ನಂತರದ್ದು ಮತ್ತು ಕೊನೆಯದು. ನಿಮ್ಮ ಮಟ್ಟದ ಒಬ್ಬ ಜೊತೆಗಾರರ ಎದುರು, ತಲಾ 15 ನಿಮಿಷ, ನಡೆಗೆ 10 ಸೆಕೆಂಡ್ ಸೇರ್ಪಡೆ ಇಟ್ಟು, ಪ್ರತಿ ಸ್ಥಿತಿಯನ್ನೂ ಎರಡೂ ಬಣ್ಣಗಳಿಂದ ಒಂದೊಂದು ಬಾರಿ ಆಡಿ. ಡ್ರಾ ಕೇಳುವಂತಿಲ್ಲ, ರಾಜರಿಬ್ಬರೇ ಉಳಿಯುವವರೆಗೆ ಅಥವಾ ನಿಯಮವೇ ನಿಲ್ಲಿಸುವವರೆಗೆ ಆಡಬೇಕು. ಎಂಜಿನ್ ಎದುರು ಇದನ್ನು ಆಡಬೇಡಿ, ಅದು ಕಪ್ಪಿನ 22... ರಾಣಿ ಡಿ2ರಂಥ ತಪ್ಪು ಮಾಡುವುದಿಲ್ಲ, ಮುಂದಿನ ವಾರ ನಿಮ್ಮೆದುರು ಕೂರುವವರು ಮಾಡುತ್ತಾರೆ.

ಈ ನಾಲ್ಕು ಆಟಗಳ ಹಾಳೆಯನ್ನೂ ಮೂಲ ಹಾಳೆಯ ಹಿಂದೆ ಪಿನ್ ಮಾಡಿ ಇಡಿ. ಅದೇ ಓಪನಿಂಗ್ ಮತ್ತೆ ಆಡಲು ಹೋಗುವ ಹಿಂದಿನ ರಾತ್ರಿ ತೆಗೆದು ನೋಡಬೇಕಾದದ್ದು ಅವನ್ನೇ.